ಒಂದ ನಮೂನಿ

ಆ ಕಚೇರಿಯಲ್ಲಿ ಶಬ್ದಕ್ಕೆ ಮೊದಲು ಬಾಯಿ ಬೇಕಿತ್ತು, ಆಮೇಲೆ ಅರ್ಥ. ಇಂಗ್ಲಿಷ್–ಕನ್ನಡ ಕೋಶವೊಂದನ್ನು ಮಾಡಿಯೇ ಸಾಯುತ್ತೇನೆಂದು ಧಾರವಾಡದ ಒಂದು ಹಳೆಯ ಅಟ್ಟದ ಮೇಲೆ ಹನ್ನೊಂದು ವರ್ಷದಿಂದ ಕೂತಿದ್ದ ಬಾಳಕೃಷ್ಣರಾಯರು ಮಾಡಿಟ್ಟ ನಿಯಮ ಅದು. ಯಾವ ಕನ್ನಡ ಮಾತನ್ನೇ ಆಗಲಿ, ಪುಸ್ತಕದೊಳಗೆ ಬಿಟ್ಟುಕೊಳ್ಳುವ ಮೊದಲು ಒಂದು ಚೀಟಿಯ ಮೇಲೆ ಬರೆಯಬೇಕು: ಶಬ್ದ, ಆಡಿದವರ ಹೆಸರು, ಊರು, ಆಡಿದ ಪೂರ್ತಿ ವಾಕ್ಯ. ಕೇಳಿ ಹೇಳಿಸಿಕೊಂಡದ್ದು ನಡೆಯದು. ತಾನಾಗಿ ಬಾಯಿಂದ ಬಂದದ್ದಿರಬೇಕು. ಆಮೇಲೆ ದಿನಾ ಮಧ್ಯಾಹ್ನ ಮೂರಕ್ಕೆ ಆ ಚೀಟಿಗಳನ್ನು ಆಡಿದವರು ಆಡಿದ ಧಾಟಿಯಲ್ಲೇ ಗಟ್ಟಿಯಾಗಿ ಓದಬೇಕು. ರಾಯರು ಕಣ್ಣು ಮುಚ್ಚಿ ಕೇಳಿ, “ಹೂಂ, ಇದು ಬೈಗಳ ಅಲ್ಲ, ಅಕ್ಕರತಿ” ಎಂದು ತೀರ್ಪು ಕೊಡುತ್ತಿದ್ದರು.

ಓದುವ ಕೆಲಸ ಏಕನಾಥನದು. ಮೂವತ್ತೊಂದು ವಯಸ್ಸು, ಬಿ.ಎ. ಪದವಿ, ತೆಳ್ಳನೆಯ ಮೈ, ದಪ್ಪನೆಯ ಕನ್ನಡಕ. ಅವನ ಗಂಟಲಲ್ಲಿ ಒಂದು ಮಂಗಳವಾರದ ಸಂತೆಯೇ ನೆರೆದಿತ್ತು. ಶಿರಗುಪ್ಪಿಯ ಹತ್ತಿ ದಲಾಲ ಒಂದು ಕ್ಷಣ ಬಂದು ಹೋದರೆ, ಮರುಕ್ಷಣ ಬಳೆ ಮಾರುವ ರಸೂಲಬಿ ಬಂದು ಮೂಗಿನಲ್ಲೇ ರಾಗ ಎಳೆಯುತ್ತಿದ್ದಳು. ರಾಯರು ಹೊರಗೆ ಹೋದಾಗ ರಾಯರೂ ಬರುತ್ತಿದ್ದರು. ಒಮ್ಮೆ ಅವರು ಮರೆತ ಕೊಡೆಗಾಗಿ ತಿರುಗಿ ಬಂದು, ಬಾಗಿಲಲ್ಲಿ ನಿಂತು ತಮ್ಮನ್ನೇ ಪೂರ್ತಿ ಕೇಳಿ, “ನಾ ಇಷ್ಟು ಉಗುಳು ಹಾರಸೂದಿಲ್ಲ” ಎಂದಷ್ಟೇ ತಕರಾರು ಮಾಡಿದ್ದರು.

ಆ ವರ್ಷ ಬೇಸಿಗೆಯಲ್ಲಿ ಕೋಶ ‘ಯು’ ಅಕ್ಷರದವರೆಗೆ ಬಂದು, ಒಂದು ಶಬ್ದದ ಮುಂದೆ ಮೊಂಡು ಎತ್ತಿನ ಹಾಗೆ ಕೂತುಬಿಟ್ಟಿತು. ಶಬ್ದ ‘ಅನ್‌ಕ್ಯಾನಿ’.

“ಇದರ ಹೊಟ್ಟ್ಯಾಗ ‘ಕ್ಯಾನ್’ ಅಂತ ಅದ ನೋಡು, ಅದಕ್ಕ ಹಿಂದಕ ‘ಅರಿಯೋದು’ ಅಂತ ಅರ್ಥ ಇತ್ತು,” ರಾಯರು ಬೆರಳೆತ್ತಿದರು. “ಅಂದಮ್ಯಾಲೆ ಇದು ಅರೀದದ್ದು. ಆದರ ಅಷ್ಟಽ ಅಲ್ಲೋ ಏಕನಾಥಾ. ಕಾಶಿಗೆ ಹೋಗೋ ದಾರಿ ನನಗ ಗೊತ್ತಿಲ್ಲ. ಅದರಿಂದ ನನಗೇನು ಅಂಜಿಕಿ ಆಗೂದಿಲ್ಲ. ಗೊತ್ತಿದ್ದದ್ದಽ ಗೊತ್ತಿಲ್ಲಧಂಗ ಆಗಬೇಕು. ಜರ್ಮನ್ ಮಂದಿ ಇದಕ್ಕ ‘ಮನೀದಲ್ಲದ್ದು’ ಅಂತಾರಂತ.”

“ಹಂಗಿದ್ರ ಅದು ನಮ್ಮ ಓಣಿ ಬೆಕ್ಕು ರಾಯರ. ಯಾರ ಮನೀದೂ ಅಲ್ಲ, ಎಲ್ಲಾರ ಹಾಲೂ ಕುಡೀತದ.”

“ಮಂಗ್ಯಾ! ದೀಪಾವಳಿಗೆ ಈ ಹಾಳಿ ಅಚ್ಚಿಗೆ ಹೋಗಬೇಕು. ಅಷ್ಟರಾಗ ಒಂದು ಬಾಯಿ ಸಿಗಲಿಲ್ಲ ಅಂದ್ರ ನಾನಽ ಶಬ್ದ ಕಟ್ಟತೀನಿ. ‘ಪರಿಚಿತಾಪರಿಚಿತಭೀತಿಜನಕ’.”

“ಅದನ್ನ ಅಂದು ಮುಗಸೂದರಾಗ ಭೀತಿ ಹೊರಟು ಹೋಗಿರ್ತದ್ರಿ,” ಎಂದ ಏಕನಾಥ.

ಇಷ್ಟೆಲ್ಲ ನಗೆ ಸಂಜೆ ಐದೂವರೆಯವರೆಗೆ. ಅಟ್ಟದ ಬಾಗಿಲಿಗೆ ಕೀಲಿ ಬಿದ್ದ ಮೇಲೆ ಏಕನಾಥನೊಡನೆ ಮಾತಾಡುವ ಒಂದು ನರಪಿಳ್ಳೆಯೂ ಇರಲಿಲ್ಲ. ತಾಯಿ ತಂದೆ ಇಬ್ಬರೂ ದೊಡ್ಡ ಜ್ವರದ ವರ್ಷ ಒಂದೇ ವಾರದಲ್ಲಿ ಹೋಗಿದ್ದರು. ಸಾಕಿದ ಸೋದರಮಾವ ಪುಣೆಯ ಕಡೆ ಹೋಗಿ ಕಾಗದ ಬರೆಯುವುದನ್ನೂ ಬಿಟ್ಟಿದ್ದ. ಮಾಳಮಡ್ಡಿಯಲ್ಲಿ ಕಾಶೀಬಾಯಿಯವರ ಮನೆಯ ಹಿತ್ತಲ ಖೋಲಿ ಇವನದು. ಕಾಶೀಬಾಯಿಯವರು ಬಾವಿಯ ಹಗ್ಗ ಹರಿದಾಗ ಮಾತ್ರ ಇವನೊಡನೆ ಮಾತಾಡುತ್ತಿದ್ದರು, ಹಗ್ಗವೋ ಬಲು ಗಟ್ಟಿ. ಹೀಗಾಗಿ ಖೋಲಿಯಲ್ಲಿ ಕೂತು ರಾಯರ ದನಿಯಲ್ಲಿ ಒಂದು ಪ್ರಶ್ನೆ, ರಸೂಲಬಿಯ ದನಿಯಲ್ಲಿ ಒಂದು ಉತ್ತರ, ನಡುವೆ ದಲಾಲನ ಒಂದು ಕೊಂಕು. ಗಳಿಗೆ ಹೊತ್ತು ಖೋಲಿ ತುಂಬ ಜನ. ಮುಗಿಸಿದ ಕೂಡಲೇ ಗೋಡೆಗಳು ಮೊದಲಿಗಿಂತ ದೂರ ಸರಿದಂತೆ ಕಾಣುತ್ತಿದ್ದವು.

ಅವನದು ಅಂತ ಇದ್ದದ್ದು ರವಿವಾರ ಒಂದೇ. ರವಿವಾರ ಬೆಳಿಗ್ಗೆ ಸೈಕಲ್ ಹತ್ತಿದರೆ ಉಪ್ಪಿನಬೆಟಗೇರಿಯ ಮಹಾಂತಯ್ಯನವರ ಮನೆಯಲ್ಲಿ ಇಳಿಯುವುದು. ನಾಲ್ಕು ವರ್ಷದ ಹಿಂದೆ ಶಬ್ದ ಹುಡುಕಿಕೊಂಡು ಆ ಊರಿಗೆ ಹೋದಾಗ, ಹೊಲದ ಬದುವಿನ ಮೇಲೆ ಕೂತು ತಮ್ಮ ಎಮ್ಮೆಯೊಡನೆ ವಾದ ಮಾಡುತ್ತಿದ್ದ ಈ ಹಿರಿಯರು ಸಿಕ್ಕಿದ್ದರು. ಅವರ ಒಂದು ಬಾಯಿಂದಲೇ ಮುನ್ನೂರ ಹದಿನಾಲ್ಕು ಚೀಟಿ ಆಗಿದ್ದವು. ಆದರೆ ಚೀಟಿ ನೆಪವಾಗಿ ಎಷ್ಟೋ ಕಾಲವಾಗಿತ್ತು. ಮೊದಲ ಸಲ ಅವರ ಹೆಂಡತಿ ಮುರಿಗೆವ್ವ, “ನಿಮ್ಮ ಮಂದಿ ನಮ್ಮನ್ಯಾಗ ಉಣ್ಣಾಂಗಿಲ್ಲಲ್ಲೋ ತಮ್ಮಾ” ಎಂದು ಸುಲಿಯದ ಶೇಂಗಾ ಕೊಟ್ಟಿದ್ದಳು. ಸಿಪ್ಪೆ ಇದ್ದದ್ದಕ್ಕೆ ಮೈಲಿಗೆ ತಾಗದೆಂದು ಅವಳ ಲೆಕ್ಕ. ಮೂರನೆಯ ತಿಂಗಳಿಗೆ ಏಕನಾಥ ತಾನೇ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಮುರಿದಿದ್ದ. ಇದು ಕಾಶೀಬಾಯಿಯವರಿಗೆ ಗೊತ್ತಾದರೆ ಖೋಲಿ ಹೋಗುತ್ತಿತ್ತು. ಹೋದರೆ ಹೋಗಲಿ ಎನ್ನುವಷ್ಟು ಆ ಒಲೆಯ ಮುಂದಿನ ಮಣೆ ಅವನಿಗೆ ಬೇಕಾಗಿತ್ತು. ಮಗಳು ಶಿವಲಿಂಗವ್ವನನ್ನು ದೂರದ ಊರಿಗೆ ಕೊಟ್ಟು ಮುದುಕರಿಬ್ಬರೇ ಇದ್ದ ಆ ಮನೆಯಲ್ಲಿ, ತಡವಾದರೆ “ಇಂದ್ಯಾಕ ಇಷ್ಟೊತ್ತಾತು?” ಎಂದು ಕೇಳುತ್ತಿದ್ದರು. ಜಗತ್ತಿನಲ್ಲಿ ಮತ್ತೆಲ್ಲೂ ಅವನು ತಡವಾಗುವುದು ಸಾಧ್ಯವೇ ಇರಲಿಲ್ಲ.

ಮಹಾಂತಯ್ಯನವರ ದನಿ ಕಚೇರಿಯಲ್ಲಿ ರಾಯರಿಗೆ ಬಲು ಇಷ್ಟ. ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ಬಾವಿಯೊಳಗಿಂದ ಬಂದಂಥ ದಪ್ಪ ದನಿ. ವಾಕ್ಯದ ಕೊನೆಯ ಅಕ್ಷರವನ್ನು ಕೊಡಕ್ಕೆ ಹಗ್ಗ ಬಿಟ್ಟ ಹಾಗೆ ಉದ್ದಕ್ಕೆ ಬಿಡುವುದು. ಊರಿನ ಗೌಡನಿಂದ ಹಿಡಿದು ಎಲ್ಲರನ್ನೂ ಅವರೆದುರು ಮಾಡಿ ತೋರಿಸಿ ನಗಿಸಿದ್ದ ಏಕನಾಥ, ಅವರನ್ನು ಮಾತ್ರ ಅವರ ಮನೆಯಲ್ಲಿ ಎಂದೂ ಮಾಡಿರಲಿಲ್ಲ.

ಆ ವರ್ಷ ಮಳೆ ಜೋರು. ಎರೆಮಣ್ಣಿನ ರಸ್ತೆ ಸೈಕಲ್ಲಿನ ಗಾಲಿಯನ್ನು ಹಿಡಿದು ಬಿಡದು, ನಡೆದರೆ ಚಪ್ಪಲಿಯನ್ನು ಹಿಡಿದು ಬಿಡದು. ಐದು ರವಿವಾರ ಅವನು ಖೋಲಿಯಲ್ಲೇ ಕೂತ. ಆರನೆಯ ವಾರ ಸಂತೆಯಲ್ಲಿ ಉಪ್ಪಿನಬೆಟಗೇರಿಯ ಹುಲಗಪ್ಪ ಮೆಣಸಿನಕಾಯಿ ಚೀಲದ ಹಿಂದಿನಿಂದ ಕೂಗಿದ. “ಏ ಚೀಟಿ ಮಾಸ್ತರ! ನೀವು ಮಣ್ಣಿಗೂ ಬರಲಿಲ್ಲಲ್ರಿ?”

“ಯಾರ ಮಣ್ಣಿಗೆ?”

“ಮಹಾಂತಯ್ಯಾರ ಹ್ವಾದ್ರಲ್ರಿ. ಇಪ್ಪತ್ತ ದಿನಾ ಆತು.”

ಮರುದಿನವೇ ಏಕನಾಥ ರಜೆ ಹಾಕಿ, ಸೈಕಲ್ ಬಿಟ್ಟು, ಬರಿಗಾಲಲ್ಲಿ ಹೊರಟ. ತಲುಪಿದಾಗ ಮಧ್ಯಾಹ್ನ. ಓಣಿಯ ಹೆಂಗಸರು ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದರು. ಮುರಿಗೆವ್ವ ಅಡಿಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಸತ್ತವರ ಮನೆಗೆ ಮಾತಾಡಿಸಲು ಹೋದವರು ಮೊದಲು ಮಾತಾಡಬಾರದು. ಮನೆಯವರು ತೊಡಗುವವರೆಗೆ ಸುಮ್ಮನೆ ಕೂರಬೇಕು. ಅದು ಏಕನಾಥನಿಗೆ ಗೊತ್ತಿತ್ತು. ಕೂತ. ಬಹಳ ಹೊತ್ತು ಜೋಳದ ಸಪ್ಪಳವಷ್ಟೇ ಇತ್ತು.

“ಬುಧವಾರ,” ಎಂದಳು ಕೊನೆಗೆ, ತಲೆ ಎತ್ತದೆ. “ಹೊತ್ತ ಆಗಷ್ಟ ವಾಲಿತ್ತು. ಎಮ್ಮಿ ಮೈ ತೊಳದ ಬಂದ್ರು. ಎದಿ ಹಿಡೀತೈತಿ ಅಂದ್ರು. ನಾ ನೀರ ತರೂದರಾಗ ಲಿಂಗದಾಗ ಕೂಡಿದ್ರು.”

ಏಕನಾಥ ಮನಸ್ಸಿನಲ್ಲೇ ಬುಧವಾರ ಎಣಿಸಿದ. ಆ ಬುಧವಾರ ಮಧ್ಯಾಹ್ನ ಮೂರಕ್ಕೆ ಅವನು ಓದಿದ್ದು ಮಹಾಂತಯ್ಯನವರ ಚೀಟಿಗಳನ್ನೇ. ರಾಯರು ನಕ್ಕು ನಕ್ಕು ಹೆಗಲ ಉಪರಣೆಯಿಂದ ಕಣ್ಣು ಒರೆಸಿಕೊಂಡಿದ್ದರು. ಅಲ್ಲಿ ಆ ಗಂಟಲು ನಿಲ್ಲುವ ಹೊತ್ತಿಗೆ ಇಲ್ಲಿ ಈ ಗಂಟಲಲ್ಲಿ ಅದು ನಡೆದೇ ಇತ್ತು.

“ಎಲ್ಲಾ ಕಣ್ಣಾಗ ಐತಿ ತಮ್ಮಾ,” ಮುರಿಗೆವ್ವ ಹೇಳುತ್ತಿದ್ದಳು. “ಕುಂದ್ರೂದು, ಏಳೂದು, ರುಂಬಾಲ ಸುತ್ತೂದು, ಎಲ್ಲಾ. ದನಿ ಒಂದ ನೆಪ್ಪ ಆಗವಲ್ದು. ನಲವತ್ತ ವರ್ಷ ಕೇಳೇನಿ, ಇಪ್ಪತ್ತ ದಿನಕ್ಕ ಹೋತು ನೋಡು. ಎಂಥಾ ಹೆಂಗಸ ನಾನು?”

ಅವಳು ಏನನ್ನೂ ಬೇಡಿರಲಿಲ್ಲ. ಆದರೆ ಆಡಿದ ಮಾತನ್ನು ಆಡಿದ ಧಾಟಿಯಲ್ಲೇ ಮತ್ತೆ ಆಡಿದರೆ ಅದು ಉಳಿಯಿತು ಎಂದು ಹನ್ನೊಂದು ವರ್ಷದಿಂದ ನಂಬಿದ ಕಚೇರಿಯ ಮನುಷ್ಯ ಏಕನಾಥ. ಕಳೆದುಹೋದದ್ದು ತನ್ನ ಹತ್ತಿರ ಇದೆ, ಹಾಗೇ ಇದೆ, ಒಂದು ಕೂದಲೂ ಕೊಂಕಿಲ್ಲ. ಇದನ್ನು ಕೊಡದೆ ಬರಿಗೈಯಲ್ಲಿ ಹೇಗೆ ಏಳುವುದು? “ನೀರ ಕುಡೀತೀನ್ರಿ ಅವ್ವಾರ” ಎಂದು ಎದ್ದು ಎಮ್ಮೆ ಕಟ್ಟಿದ್ದ ಗೋದಲಿಯ ಪಕ್ಕದ ಕತ್ತಲೆಯಲ್ಲಿದ್ದ ನೀರಿನ ಹರಿವಿಯ ಹತ್ತಿರ ಹೋದ. ಅಲ್ಲಿ ನಿಂತು ಸಣ್ಣಗೆ ಕೆಮ್ಮಿದ.

“ಏ… ಕೇಳಾಕತ್ತೀಯೇನು? ಎಮ್ಮಿಗೆ ನೀರ ಕುಡಿಸೀಯೇನಽ?”

“ಹೂನ್ರಿ, ಕುಡಿಸೇನ್ರಿ,” ಎಂದಿತು ಹೊಸ್ತಿಲ ಕಡೆಯಿಂದ ಮುರಿಗೆವ್ವನ ದನಿ. ಅವಸರದ, ಸ್ವಲ್ಪ ಸಿಡುಕಿನ, ದಿನನಿತ್ಯದ ದನಿ. ಮೊರ ನೆಲಕ್ಕಿಟ್ಟ ಸಪ್ಪಳ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ಎರಡು ಹೆಜ್ಜೆ ಬಂದಳು. ಗೋದಲಿಯಲ್ಲಿ ಎಮ್ಮೆ ಮೋರೆ ಎತ್ತಿ, ಕಿವಿ ನಿಮಿರಿಸಿ, ಒಮ್ಮೆ ಉದ್ದಕ್ಕೆ ಒದರಿತು.

ಕತ್ತಲೆಯಲ್ಲಿ ನಿಂತವನನ್ನು ಮುರಿಗೆವ್ವ ಕಂಡಳು. ಅವಳ ಮುಖದ ಮೇಲೆ ಮೊದಲು ಬಂದದ್ದು ಸಂತೋಷ. ಏಕನಾಥನಿಗೆ ಮುಂದೆ ಎಷ್ಟು ಮಾಡಿದರೂ ಮರೆಯಲಾಗದ್ದು ಅದೇ. ಅದು ಇಳಿಯುವುದಕ್ಕೆ ತುಸು ಹೊತ್ತು ಹಿಡಿಯಿತು. ಇಳಿದ ಮೇಲೆ ಅಲ್ಲಿ ಏನೂ ಉಳಿಯಲಿಲ್ಲ. ಅವಳು ಗೋಡೆ ಹಿಡಿದು ಕೆಳಗೆ ಕೂತಳು.

“ಯಪ್ಪಾ… ಒಂದ ನಮೂನಿ ಆತು,” ಎಂದಳು. ಸುತ್ತಲೂ ನೋಡಿದಳು, ತೊಲೆ, ಕಂಬ, ನಾಗೊಂದಿಗೆ, ಯಾರದೋ ಮನೆಗೆ ಬಂದವಳ ಹಾಗೆ. “ಮನೀ ಅನ್ನೂದ ಒಂದ ನಮೂನಿ ಆತಲ್ಲೋ.”

“ತಪ್ಪಾತ್ರಿ ಅವ್ವಾರ. ನೀವು ದನಿ ನೆಪ್ಪಾಗವಲ್ದು ಅಂದ್ರಿ, ಅದಕ್ಕ…”

“ಬೈಯಾಕತ್ತಿಲ್ಲ ನಾ ನಿನಗ. ಬರೋಬ್ಬರಿ ಮಾಡಿದಿ. ಅವರಽ ಅಂದಂಗ ಆತು. ಆದ್ರ ತಮ್ಮಾ, ಇಂದಲ್ಲಾ ನಾಳೆ ಅದು ತಾನಽ ನೆಪ್ಪಾಗತಿತ್ತು. ಹಿಂಡಿ ಕಲಸೂ ಮುಂದೋ, ನಿದ್ದಿ ಹತ್ತೂ ಮುಂದೋ. ಇನ್ನ ನೆಪ್ಪಾದ್ರ ನಿನ್ನ ದನಿ ನೆಪ್ಪಾಗತೈತಿ. ಗ್ವಾದಲಿ ಬಾಜೂಕ ನಿಂತಿದ್ದು. ಅವರದು ಯಾವದು, ನಿಂದ ಯಾವದು, ನಾ ಹೆಂಗ ಆರಿಸಲಿ?”

ಏಕನಾಥ ಕತ್ತಲೆಯಿಂದ ಹೊರಗೆ ಬೆಳಕಿಗೆ ಬಂದ.

“ಸ್ವಲ್ಪ ದಿನಾ ಈ ಕಡೆ ಬರಬ್ಯಾಡಪಾ,” ಎಂದಳು ಮುರಿಗೆವ್ವ. ಹೇಳಿದ್ದು ಮೆತ್ತಗೇ.

ಹೊಲಗಳ ನಡುವೆ ಒಬ್ಬನೇ ತಿರುಗಿ ಬರುವಾಗ ಏಕನಾಥ ಮಹಾಂತಯ್ಯನವರನ್ನು ನೆನೆಯಲು ನೋಡಿದ. ಚೀಟಿಯ ವಾಕ್ಯಗಳಲ್ಲ, ಅವರು ಮೊದಲ ದಿನ ಬದುವಿನ ಮೇಲೆ ಎಮ್ಮೆಗೆ ಅಂದದ್ದು, ತನಗೆ ಕೊನೆಯ ಸಲ “ಲಗೂ ಬಾ” ಅಂದದ್ದು. ಮಾತು ನೆನಪಾಯಿತು. ಕೆಮ್ಮು ನೆನಪಾಯಿತು. ಕಿವಿಗೆ ಬಂದದ್ದು ಮಾತ್ರ ಮಧ್ಯಾಹ್ನ ಮೂರರ ಕಚೇರಿಯ ದನಿ, ತನ್ನದೇ. ಅದರ ಹಿಂದೆ ಹುಡುಕಿದ. ಹಿಂದೆ ಯಾರೂ ಇರಲಿಲ್ಲ. ದಿನಾ ಓದಿ ಓದಿ ಅವರನ್ನು ತಾನು ಎಂದೋ ಅಳಿಸಿ ಮುಗಿಸಿದ್ದ. ಇವತ್ತು ಮುರಿಗೆವ್ವನ ಪಾಲಿನದನ್ನೂ ಅಳಿಸಿ ಬಂದ. ದಾರಿಯ ಮೇಲೆ ಹಿಂದೆ ಮುಂದೆ ಒಂದು ಚಕ್ಕಡಿಯೂ ಇರಲಿಲ್ಲ. ಎರೆಯ ಮಣ್ಣು ಹೆಜ್ಜೆಹೆಜ್ಜೆಗೂ ಕಾಲು ಹಿಡಿದು ಬಿಡುತ್ತಿತ್ತು.

ಆಮೇಲಿನ ರವಿವಾರಗಳು ಉದ್ದವಾದವು. ಖೋಲಿಯಲ್ಲಿ ದಲಾಲನೂ ಬರಲಿಲ್ಲ, ರಸೂಲಬಿಯೂ ಬರಲಿಲ್ಲ. ಕರೆಯುವ ಧೈರ್ಯ ಅವನಿಗಾಗಲಿಲ್ಲ. ಮಳೆ ಹೋಯಿತು, ರಸ್ತೆ ಒಣಗಿತು. ರಸ್ತೆ ಒಣಗಿದ್ದು ಇನ್ನೂ ಕೆಟ್ಟದ್ದು. ಹೋಗದಿರುವುದಕ್ಕೆ ಕೆಸರಿನ ನೆಪ ಉಳಿಯಲಿಲ್ಲ.

ದಸರೆಗೆ ಮೊದಲು ರಾಯರು ಹಾಳೆ ಹರವಿಕೊಂಡು ಕೂತರು. “ಅನ್‌ಕ್ಯಾನಿಗೆ ಬಾಯಿ ಸಿಕ್ಕಿತೇನೋ?”

“ಸಿಕ್ಕದ್ರಿ.” ಏಕನಾಥ ಚೀಟಿ ಮುಂದಿಟ್ಟ. ಶಬ್ದ: ಒಂದು ನಮೂನೆ. ಆಡಿದವರು: ಮುರಿಗೆವ್ವ, ಉಪ್ಪಿನಬೆಟಗೇರಿ. ವಾಕ್ಯ: ಮನೀ ಅನ್ನೂದ ಒಂದ ನಮೂನಿ ಆತಲ್ಲೋ.

ರಾಯರು ಕನ್ನಡಕ ಏರಿಸಿದರು. “ಇದು ಶಬ್ದ ಏನೋ? ನಮೂನೆ ಪಾರಸೀದು. ಪಾರಸಿಯಿಂದ ಮರಾಠಿ, ಉರ್ದು, ಅಲ್ಲಿಂದ ಹುಬ್ಬಳ್ಳಿ ಪ್ಯಾಟಿ. ಹತ್ತಿ ಅಂಡಿಗಿ ಬಿಚ್ಚಿ ಒಂದು ಹಿಡಿ ತೆಗೆದು ‘ನಮೂನಿ ನೋಡ್ರಿ’ ಅಂತ ದಲಾಲ ತೋರಸ್ತಾನಲ್ಲ, ಅದು. ಮುಂದ ಬರೋ ಮಾಲು ಹೆಂಗದ ಅಂತ ತಿಳೀಲಿಕ್ಕೆ ಕೊಡೋ ಒಂದು ಚೂರು. ಅದರಾಗ ಅಂಜಿಕಿ ಎಲ್ಲಿ ಬಂತು?”

“ಅದಕ್ಕಽ ಅಂಜಿಕಿ ರಾಯರ. ಚೂರು ಕಂಡದ, ಮಾಲು ಕಂಡಿಲ್ಲ. ಎಂಥಾದ್ದು ಅಂತ ಕೇಳಿದ್ರ ಯಾರೂ ಹೇಳೂದಿಲ್ಲ. ಒಂದ ನಮೂನಿ ಅಂತಾರ, ಸುಮ್ಮನಾಗ್ತಾರ.”

ರಾಯರು ಉತ್ಸಾಹದಿಂದ ಕಾಲು ಮಡಚಿ, ಕಣ್ಣು ಮುಚ್ಚಿದರು. “ಛಲೋ ಅದ. ಖರೇನಽ ಛಲೋ ಅದ. ಓದು, ಆಕಿ ಅಂಧಂಗ.”

ಏಕನಾಥ ಚೀಟಿಯ ಮೇಲೆ ಅಂಗೈ ಇಟ್ಟ.

“ಓದೋ.”

“ಆಗೂದಿಲ್ರಿ.”

“ಯಾಕ? ಗಂಟಲ ನೋವೇನು?”

“ಇಲ್ರಿ. ಆ ಮನಿಯವರ ದನಿ ಇನ್ನ ನಾ ಮಾಡೂದಿಲ್ಲ. ಆ ಮುನ್ನೂರಾ ಹದಿನಾಕೂ ಚೀಟಿ ನಾ ಓದೂದಿಲ್ಲ. ಬೇಕಾದ್ರ ನೀವಽ ಓದಿಕೊಳ್ರಿ.”

ರಾಯರು ಸಿಟ್ಟಾಗಲಿಲ್ಲ; ಆಗಿದ್ದರೆ ಚೆನ್ನಾಗಿತ್ತು. ನಿಯಮ ತಾವು ಮಾಡಿದ್ದು, ತಮಗಾಗಿ ಮುರಿಯುವ ಹಾಗಿರಲಿಲ್ಲ. ಧಾಟಿ ಕೇಳದ ಮಾತು ಕೋಶಕ್ಕೆ ಇಲ್ಲ. ಚೀಟಿಯನ್ನು ಎರಡು ಸಲ ತಿರುವಿ ನೋಡಿ, ನಿಟ್ಟುಸಿರು ಬಿಟ್ಟು ‘ಸಂಶಯ’ ಎಂದು ಬರೆದ ಡಬ್ಬಿಗೆ ಹಾಕಿದರು. ದೀಪಾವಳಿಗೆ ಅಚ್ಚಾದ ಹಾಳೆಯಲ್ಲಿ ‘ಪರಿಚಿತಾಪರಿಚಿತಭೀತಿಜನಕ’ ಎಂದು ಇತ್ತು, ಎರಡು ಸಾಲು ತುಂಬ. ಓದುವ ಕೆಲಸ ಹೊಸದಾಗಿ ಬಂದ ರಮಾಕಾಂತ ಎಂಬ ಗುಮಾಸ್ತನಿಗೆ ಹೋಯಿತು. ಅವನು ಎಲ್ಲರನ್ನೂ ಒಂದೇ ದನಿಯಲ್ಲಿ ಓದುತ್ತಿದ್ದ, ಪೋಸ್ಟಿನ ತಾರು ಓದಿದ ಹಾಗೆ. ಏಕನಾಥ ಮೂಲೆಯಲ್ಲಿ ಕೂತು ಅಚ್ಚಿನ ತಪ್ಪು ತಿದ್ದತೊಡಗಿದ.

ಕಾರ್ತಿಕ ಮುಗಿಯುತ್ತ ಬಂದಾಗ ಹುಲಗಪ್ಪ ಸಂತೆಯಲ್ಲಿ ಮತ್ತೆ ಕೂಗಿದ. “ಮಾಸ್ತರ, ಅಮ್ಮಾರ ಕರದಾರ್ರಿ ನಿಮಗ. ರವಿವಾರ ಬಾ ಅಂತ ಹೇಳಂದ್ರು.”

ರವಿವಾರ ಏಕನಾಥ ಸೈಕಲ್ ತುಳಿದದ್ದೇ ತುಳಿದದ್ದು. ಎರಡೂ ಕಡೆ ಬಿಳಿಜೋಳ ಮೊಣಕಾಲಿನಷ್ಟು ಎದ್ದಿತ್ತು. ಮುರಿಗೆವ್ವ ಬಾಗಿಲಲ್ಲೇ ಇದ್ದಳು. ಬಹಳ ಇಳಿದುಹೋಗಿದ್ದಳು. ಒಳಗೆ ಒಲೆಯ ಮುಂದೆ ಮಣೆ ಹಾಕಿತ್ತು. ಅದನ್ನು ಕಂಡು ಅವನ ಕಣ್ಣಿಗೆ ನೀರು ಬಂತು, ಹೊಗೆ ಎಂದು ಒರೆಸಿಕೊಂಡು ಕೂತ.

ಅವಳು ಕೂರಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಳು. “ತಮ್ಮಾ, ಅವತ್ತ ಬರಬ್ಯಾಡ ಅಂದೆ. ಈ ಮೂರ ತಿಂಗಳದಾಗ ಮನ್ಯಾಗ ಒಂದ ಮಾತಿಲ್ಲ, ಕತಿಯಿಲ್ಲ. ಎಮ್ಮಿ ಕೂಡ ಎಷ್ಟಂತ ಮಾತಾಡ್ಲಿ?” ದನಿ ತಗ್ಗಿತು. “ಅವತ್ತ ಅಂದ್ಯಲ್ಲಾ, ಅದನ್ನ ಇನ್ನೊಮ್ಮೆ ಅನ್ನು. ಗ್ವಾದಲಿ ಕಡೆ ನಿಂತ ಅನ್ನು, ಮಾರಿ ಕಾಣಬಾರದು. ನಿಂದಾದ್ರೂ ಆಗವಲ್ದ್ಯಾಕ. ವಾರಕ್ಕೊಮ್ಮೆ ಬಾ, ಅಂದು, ಉಂಡು ಹೋಗು.”

ರವಿವಾರಗಳೆಲ್ಲ ಮತ್ತೆ ಅವನವಾಗಿದ್ದವು. ಮಣೆ, ಒಲೆ, ರೊಟ್ಟಿ, ಎಲ್ಲ. ಕೊಡಬೇಕಾದದ್ದು ಒಂದು ಕೆಮ್ಮು, ಒಂದು ವಾಕ್ಯ. ಅವನು ಗೋದಲಿಯ ಕತ್ತಲೆಯ ಕಡೆ ನೋಡಿದ. ಅಲ್ಲಿ ಹೋಗಿ ನಿಂತರೆ ಈ ಮನೆ ತನ್ನದಾಗುತ್ತದೆ. ಆದರೆ ಅಲ್ಲಿಂದ ಹೊರಗೆ ಬಂದಾಗ, ಪ್ರತಿ ವಾರವೂ, ಇವಳ ಮುಖದ ಮೇಲೆ ಮೊದಲು ಬಂದ ಸಂತೋಷ ತನ್ನನ್ನು ಕಂಡೊಡನೆ ಇಳಿಯುವುದನ್ನು ನೋಡಬೇಕು. ಬರಬರುತ್ತ ಅದು ಇಳಿಯದೆಯೂ ಇದ್ದೀತು. ಆಗ ಇಲ್ಲಿ ಉಣ್ಣುವವನು ಯಾರು?

“ಆ ದನಿ ಹೋತ್ರಿ ಅವ್ವಾರ,” ಎಂದ. “ಈಗ ಮಾಡಾಕ ಹೋದ್ರ ಬರೂದಿಲ್ಲ.”

ಅದು ಸುಳ್ಳು. ದನಿ ಅಲ್ಲೇ ಇತ್ತು, ಕೆಮ್ಮಿನ ಹಿಂದೆ, ಕಾಯುತ್ತ.

ಮುರಿಗೆವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಬಿಟ್ಟಳೋ. ಇನ್ನೇನು ಬಾಗಿಲು ತೋರಿಸುತ್ತಾಳೆ ಎಂದು ಅವನು ಎದ್ದು ಟೊಪ್ಪಿಗೆ ಕೈ ಹಾಕಿದ.

“ಹೋತಾ,” ಎಂದಳು. “ಹೋಗವಲ್ದ್ಯಾಕ ಬಿಡು.” ಒಲೆಯ ಮುಂದೆ ಕೂತು ಹಂಚಿಗೆ ರೊಟ್ಟಿ ಹಾಕಿದಳು. “ಕುಂದರ. ಎದ್ದ ನಿಂತಿ ಯಾಕ?”

ಅವನು ಕೂತ. ಇಬ್ಬರ ನಡುವೆ ಹೇಳುವ ಮಾತು ಇರಲಿಲ್ಲ. ಹಿಂದೆಲ್ಲ ಅದನ್ನು ಆಡುತ್ತಿದ್ದವರು ಮೂರನೆಯವರು. ರೊಟ್ಟಿ ಉಬ್ಬಿತು, ಇಳಿಯಿತು. ಅವಳು ತಾಟಿಗೆ ಹಾಕಿ ಬೆಣ್ಣೆ ಇಟ್ಟಳು.

“ಸಾಕ್ರಿ,” ಎಂದ ಏಕನಾಥ.

“ಏನಂದಿ?”

“ಸಾಕು ಅಂದ್ನಿ.”

ಮುರಿಗೆವ್ವ ಕೈಯಲ್ಲಿದ್ದ ಹಿಟ್ಟನ್ನು ಬಡಿಯುವುದು ನಿಲ್ಲಿಸಿ, ಮೊದಲ ಸಲ ಕೇಳಿದವಳ ಹಾಗೆ ಕಿವಿ ಅವನ ಕಡೆ ತಿರುಗಿಸಿದಳು. “ನಿನ್ನ ದನಿ ಏನೋ ಇಷ್ಟ ಸಣ್ಣದೈತಿ? ಹೊಟ್ಟಿಗೆ ಉಣ್ಣತೀಯೋ ಇಲ್ಲೋ?”

“ಇರೂದಽ ಇಷ್ಟರಿ ಅವ್ವಾರ,” ಎಂದ.

ಅವಳು ಇನ್ನೊಂದು ರೊಟ್ಟಿ ಬಡಿಯತೊಡಗಿದಳು.